ರೇವಣಸಿದ್ದಯ್ಯನವರ ಸ್ಕೂಟರಿನ ಗಂಟೆ

ಆದವಾನಿಯ ಹತ್ತಿ ಗಿರಣಿಯ ಮ್ಯಾನೇಜರ್ ರೇವಣಸಿದ್ದಯ್ಯನವರಿಗೆ ಮುಂಬೈಯಿಂದ ಗೂಡ್ಸ್ ಗಾಡಿಯಲ್ಲಿ ಸ್ಕೂಟರ್ ಬಂದದ್ದು ಐವತ್ತೆಂಟನೆಯ ಇಸವಿಯಲ್ಲಿ. ಸ್ಟೇಷನ್ನಿನಿಂದ ಗಿರಣಿಯವರೆಗೆ ಅದನ್ನು ಎತ್ತಿನ ಬಂಡಿಯ ಮೇಲೆ ನಿಲ್ಲಿಸಿ, ಹಗ್ಗ ಬಿಗಿದು, ಚೆಂಡುಹೂವಿನ ಹಾರ ಹಾಕಿ ತಂದರು. ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದ ಅಯ್ಯನವರ ಮುಖ ಕಂಡವರಿಗೆ ಮದುಮಗ ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಓಡಿಸಲು ಕಲಿಸುವುದಕ್ಕೆ ಬಳ್ಳಾರಿಯಿಂದ ಒಬ್ಬ ಡ್ರೈವರನನ್ನು ಕರೆಸಿದ್ದರು. ಮೂರು ದಿನದ ಪಾಠ. ಎರಡನೆಯ ದಿನಕ್ಕೇ ಗಾಡಿ ಹೇಗೋ ಮುಂದಕ್ಕೆ ಹೋಯಿತು. "ಇಷ್ಟ ಸಾಕು, ಉಳಿದದ್ದು ನನಗ ಗೊತ್ತೈತಿ" ಎಂದು ಅವನನ್ನು ಸಂಜೆಯ ರೈಲಿಗೆ ಹತ್ತಿಸಿಬಿಟ್ಟರು. ಗಾಡಿಯನ್ನು ನಿಲ್ಲಿಸುವುದು ಮೂರನೆಯ ದಿನದ ಪಾಠವಾಗಿತ್ತು.

ಹೀಗಾಗಿ ಅಯ್ಯನವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಗಿರಣಿಯ ಗೇಟು ಬಂತೆಂದರೆ ಕ್ಲಚ್ಚನ್ನು ಮುಟ್ಟದೆ ಬ್ರೇಕ್ ತುಳಿಯುವುದು. ಗಾಡಿ ಎರಡು ಸಲ ಕೆಮ್ಮಿ, ಒಮ್ಮೆ ಜಿಗಿದು ಸತ್ತುಹೋಗುತ್ತಿತ್ತು. ಕಾವಲುಗಾರ ಸುಂಕಣ್ಣ ಓಡಿಬಂದು ಅದನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸುತ್ತಿದ್ದ. ಅಯ್ಯನವರು ಧೋತರ ಕೊಡವಿಕೊಂಡು ಒಳಗೆ ನಡೆಯುತ್ತಿದ್ದರು. ಕೀಲಿಯನ್ನು ತಿರುವಬೇಕೆಂಬುದು ಅವರಿಗೂ ತಿಳಿಯದು, ಸುಂಕಣ್ಣನಿಗೂ ತಿಳಿಯದು. ಹ್ಯಾಂಡಲಿನ ಮೇಲೆ ಕುಂಕುಮದ ಬೊಟ್ಟಿನಷ್ಟು ದೊಡ್ಡ ಕೆಂಪು ದೀಪವೊಂದು ಇಡೀ ದಿನ ಉರಿಯುತ್ತಿತ್ತು. ಅದು ಉರಿಯುತ್ತಿದ್ದರೆ ಗಾಡಿಗೆ ಜೀವ ಇದೆ ಎಂದು ಅಯ್ಯನವರು ತಿಳಿದಿದ್ದರು. ವಾರ ಮುಗಿಯುವ ಹೊತ್ತಿಗೆ ದೀಪವೂ ಇರುತ್ತಿರಲಿಲ್ಲ, ಜೀವವೂ ಇರುತ್ತಿರಲಿಲ್ಲ.

ಆಗ ಸ್ಟೇಷನ್ನಿನ ಹಿಂದೆ ಲಾರಿಗಳ ಬ್ಯಾಟರಿಗೆ ಕರೆಂಟು ತುಂಬುವ ದಸ್ತಗಿರಿಗೆ ಕರೆ ಬಂತು. ದಸ್ತಗಿರಿ ಹೆಚ್ಚು ಮಾತಿನವನಲ್ಲ. ಆಸಿಡ್ ಸಿಡಿದು ಸಿಡಿದು ಅವನ ಅಂಗಿಯ ಮುಂಭಾಗ ಜರಡಿಯಂತಾಗಿತ್ತು. ಮೊದಲ ಸಲ ಬಂದಾಗಲೇ ಕೀಲಿಯನ್ನು ನೋಡಿದ, ದೀಪವನ್ನು ನೋಡಿದ, ರೋಗ ಯಾವುದೆಂದು ಅವನಿಗೆ ಗೊತ್ತಾಯಿತು.

"ಅಯ್ಯನೋರ, ಇಳಿದ ಮ್ಯಾಲ ಕೀಲಿ ಬಂದ್ ಮಾಡಿದ್ರ ಬ್ಯಾಟರಿ ಇಳಿಯಂಗಿಲ್ರಿ" ಎಂದ, ನೆಲ ನೋಡುತ್ತ.

ರೇವಣಸಿದ್ದಯ್ಯನವರು ಕನ್ನಡಕವನ್ನು ಹಣೆಗೇರಿಸಿದರು. "ಲೇ, ಇಟಲಿ ದೇಶದಾಗ ತಯಾರಾದ ಗಾಡಿ ಇದು. ತನ್ನ ಕೀಲಿ ತಾನು ನೋಡ್ಕೊಳ್ಳಾಕ ಬರಂಗಿಲ್ಲೇನು ಇದಕ್ಕ? ನೀ ಹಾಕೋ ಆಸಿಡ್ಡಿನಾಗ ನೀರು ಜಾಸ್ತಿ ಆಗೈತಿ. ಹೋಗು, ಬ್ಯಾಟರಿ ನೋಡು."

ದಸ್ತಗಿರಿ ಬ್ಯಾಟರಿಯನ್ನು ನೋಡಿದ. ವಾರಕ್ಕೊಮ್ಮೆ ನೋಡಿದ. ಅಯ್ಯನವರು ಮಾತ್ರ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿಸಿದರು, ಮಂತ್ರಾಲಯಕ್ಕೆ ಹೋಗಿಬಂದರು. ಕೊನೆಗೆ ಆದವಾನಿಯ ಬಿಸಿಲಿಗೆ ಬ್ಯಾಟರಿ ಬೆವರುತ್ತದೆ ಎಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಅದು ಇಳಿಯುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ದಸ್ತಗಿರಿ ಬ್ಯಾಟರಿ ಹೊತ್ತು ಗಿರಣಿಗೆ ಬಂದಾಗ ಗೋದಾಮಿನ ಬಾಗಿಲಲ್ಲಿ ಅಯ್ಯನವರ ಏರುದನಿ ಕೇಳಿಸಿತು. ಹತ್ತಿ ಆರಿಸುವ ಉರುಕುಂದಮ್ಮ ಎದುರಿಗೆ ನಿಂತಿದ್ದಳು. ಒಳಗೆ ಹಾಡಹಗಲಲ್ಲಿ ಒಂದು ಬಲ್ಬು ಉರಿಯುತ್ತಿತ್ತು.

"ಕರೆಂಟು ಅಂದ್ರ ತುಂಗಭದ್ರಾ ನೀರು ಅಂತ ತಿಳ್ಕೊಂಡೀಯೇನು, ಹರದು ಹೋಗ್ಲಿ ಅನ್ನಾಕ? ಬೇಕಾದಾಗ ಹಾಕಬೇಕು, ಬ್ಯಾಡಾದಾಗ ತೆಗೀಬೇಕು. ಇಷ್ಟೂ ಬುದ್ಧಿ ಬ್ಯಾಡಾ ಮನುಷ್ಯಾರಿಗೆ?"

"ಸ್ವಿಚ್ಚು ಎತ್ತರದಾಗ ಐತ್ರಿ ಸಾಹೇಬ್ರ, ನನ್ನ ಕೈಗೆ ಎಟುಕಂಗಿಲ್ಲ. ಹಾಕಿದವ ಸುಂಕಣ್ಣ."

"ಎದುರು ಮಾತಾಡ್ತೀಯಾ? ನಾ ಹೇಳಿ ಕಳಿಸೋ ತನಕ ಗೇಟಿನೊಳಗ ಕಾಲಿಡಬ್ಯಾಡ."

ಉರುಕುಂದಮ್ಮ ಸೆರಗಿನಿಂದ ಮೈಮೇಲಿನ ಹತ್ತಿ ಕೊಡವಿಕೊಂಡು ಹೊರಟಳು. ದಾರಿಯಲ್ಲಿ ಸ್ಕೂಟರಿನ ಹತ್ತಿರ ಒಂದು ಗಳಿಗೆ ನಿಂತು ಆ ಕೆಂಪು ದೀಪವನ್ನು ನೋಡಿದಳು. ಆಮೇಲೆ ದಸ್ತಗಿರಿಯನ್ನು ನೋಡಿದಳು. ಆ ನೋಟ ದಸ್ತಗಿರಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ನಿಜ ಗೊತ್ತಿದ್ದೂ ವಾರ ವಾರ ಬ್ಯಾಟರಿ ಹೊತ್ತು ಸುಮ್ಮನಿದ್ದವನು ತಾನೇ ಅಲ್ಲವೇ?

ಅಂದು ಅಂಗಡಿಗೆ ಹೋಗಿ ಹಳೆಯ ಸಾಮಾನಿನ ಡಬ್ಬಿ ಕೆದಕಿದ. ಯಾವುದೋ ಬಂಗಲೆ ಕೆಡವಿದಾಗ ಸಿಕ್ಕಿದ್ದ ಕರೆಗಂಟೆ ಕೈಗೆ ಬಂತು. ಮಾರನೆಯ ದಿನ ಅದನ್ನು ಸ್ಕೂಟರಿನ ಸೀಟಿನ ಕೆಳಗೆ ಕೂರಿಸಿ, ಒಂದು ತಂತಿಯನ್ನು ಕೀಲಿಗೂ ಇನ್ನೊಂದನ್ನು ಸ್ಟ್ಯಾಂಡಿಗೂ ಜೋಡಿಸಿದ. ಗಾಡಿ ಸ್ಟ್ಯಾಂಡಿನ ಮೇಲಿದ್ದು ಕೀಲಿ ಚಾಲೂ ಇದ್ದರೆ ಗಂಟೆ ಹೊಡೆದುಕೊಳ್ಳಬೇಕು. ಕೀಲಿ ತಿರುವಿದರೆ ಸುಮ್ಮನಾಗಬೇಕು. ಬಾಯಿಂದ ಹೇಳಲಾಗದ ಮಾತನ್ನು ಗಂಟೆಯಾದರೂ ಹೇಳಲಿ ಎಂದುಕೊಂಡ.

"ಅಯ್ಯನೋರ, ಗಾಡಿ ಸ್ಟ್ಯಾಂಡಿಗೆ ಹಾಕಿದ ಕೂಡ್ಲೆ ಇದು ಬಡಕೋತೈತ್ರಿ. ಆವಾಗ ನೀವು..."

"ತಿಳೀತು, ತಿಳೀತು" ಎಂದರು ಅಯ್ಯನವರು. ಅವರ ಮುಖ ಅರಳಿತ್ತು.

ಅವರಿಗೆ ತಿಳಿದದ್ದು ಇಷ್ಟೇ: ಮ್ಯಾನೇಜರ್ ಬಂದದ್ದನ್ನು ಗಿರಣಿಗೆಲ್ಲ ಸಾರಲು ದಸ್ತಗಿರಿ ಒಂದು ಗಂಟೆ ಕಟ್ಟಿಕೊಟ್ಟಿದ್ದಾನೆ. ಮಾರನೆಯ ದಿನದಿಂದ ಗೇಟಿನಲ್ಲಿ ಗಾಡಿ ಕೆಮ್ಮುವುದು, ಜಿಗಿಯುವುದು, ಸುಂಕಣ್ಣ ಸ್ಟ್ಯಾಂಡಿಗೆ ಎಳೆಯುವುದು, ಗಂಟೆ ಗಣಗಣ ಹೊಡೆದುಕೊಳ್ಳುವುದು. ಅಯ್ಯನವರು ಆ ನಾದದ ನಡುವೆ ಅಡ್ಡಪಲ್ಲಕ್ಕಿಯಲ್ಲಿ ಬಂದ ಸ್ವಾಮಿಗಳಂತೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಹೆಂಗಸರು ಎದ್ದು ನಿಲ್ಲುತ್ತಿದ್ದರು. ಗಂಟೆ ಅದರ ಪಾಡಿಗೆ ಬಡಿದುಕೊಂಡು, ದನಿ ಕ್ಷೀಣಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಪ್ರಾಣ ಬಿಡುತ್ತಿತ್ತು. ಮೊದಲು ವಾರಕ್ಕೊಮ್ಮೆ ಇಳಿಯುತ್ತಿದ್ದ ಬ್ಯಾಟರಿ ಈಗ ದಿನಾ ಇಳಿಯತೊಡಗಿತು. ದಸ್ತಗಿರಿ ತಲೆ ಚಚ್ಚಿಕೊಂಡ. ಹೇಳಲು ಮತ್ತೆರಡು ಸಲ ಬಾಯಿ ತೆರೆದ. "ಗಂಟಿ ಚಲೋ ಐತಿ, ಬ್ಯಾಟರೀನ ನಿನ್ನದು ದಂಡ" ಎಂಬ ಉತ್ತರ ಬಂತು.

ಹೀಗಿರುವಾಗ ಕರ್ನೂಲಿನಿಂದ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುವ ದಿನ ಗೊತ್ತಾಯಿತು. ಅಂದು ಗಂಟೆ ನಡುವೆ ನಿಲ್ಲಬಾರದೆಂದು ದಸ್ತಗಿರಿ ಹೊಸದಾಗಿ ತುಂಬಿದ ಬ್ಯಾಟರಿಯೊಂದಿಗೆ ಬೆಳಿಗ್ಗೆಯೇ ಹಾಜರಿರಬೇಕೆಂದು ಅಪ್ಪಣೆಯಾಯಿತು. ಅವನು ಬಂದು ಬೇವಿನ ಮರದ ಕೆಳಗೆ ಕುಳಿತ. ಗೇಟಿನ ಹೊರಗೆ ಉರುಕುಂದಮ್ಮ ನಿಂತಿದ್ದಳು. ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಕೆಲಸ ಕೇಳಿಕೊಳ್ಳಲು ಬಂದಿದ್ದಳು. ದಿನಾ ಹೊಡೆದುಕೊಳ್ಳುವ ಆ ಗಂಟೆ ಯಾತಕ್ಕೆಂದು ಅವಳು ಕೇಳಿದ್ದಕ್ಕೆ, ಒಳಗೆ ಬರುವಾಗಲೇ ದಸ್ತಗಿರಿ ಕೀಲಿಯ ಗುಟ್ಟು ಹೇಳಿದ್ದ. ಸುಂಕಣ್ಣ ಅವಳನ್ನು ತಡೆಯಲಿಲ್ಲ. ಆ ಬಲ್ಬು ಹಾಕಿದ್ದು ತಾನೆಂಬುದು ಅವನಿಗೂ ನೆನಪಿತ್ತು.

ಅಯ್ಯನವರು ಬಂದರು. ಗಾಡಿ ಕೆಮ್ಮಿತು, ಜಿಗಿಯಿತು, ಗಂಟೆ ಮೊಳಗಿತು. ಇನ್ಸ್‌ಪೆಕ್ಟರ್ ಸಾಹೇಬರನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ, ಕೆಲಸಗಾರರನ್ನೆಲ್ಲ ಎದುರಿಗೆ ನಿಲ್ಲಿಸಿ, ಗಂಟೆಯ ಸದ್ದನ್ನು ಮೀರಿಸುವ ದನಿಯಲ್ಲಿ ಅಯ್ಯನವರು ಭಾಷಣ ಶುರುಮಾಡಿದರು.

"ನಮ್ಮ ಗಿರಣಿಯಾಗ ಕರೆಂಟಿನ ಒಂದು ಹನಿ ಸೈತ ದಂಡ ಆಗಂಗಿಲ್ಲ! ನಾ ಇಲ್ಲಿ ಇರೋ ತನಕ ಬ್ಯಾಡಾದ ದೀಪ ಉರಿಯಂಗಿಲ್ಲ!"

ಗಣಗಣಗಣ.

ಸಾಹೇಬರು ಕಿವಿಯ ಹತ್ತಿರ ಕೈ ಇಟ್ಟುಕೊಂಡರು. "ಆ ಗಂಟ ಎಂದುಕಯ್ಯಾ ಮೋಗುತೋಂದಿ?" ಎಂದು ತೆಲುಗಿನಲ್ಲಿ ಕೇಳಿದರು. ಆ ಗಂಟೆ ಯಾಕೆ ಹೊಡೆದುಕೊಳ್ಳುತ್ತಿದೆ?

ಅಂಗಳವೆಲ್ಲ ಸುಮ್ಮನಾಯಿತು, ಗಂಟೆಯೊಂದನ್ನು ಬಿಟ್ಟು. ಅಯ್ಯನವರು ದಸ್ತಗಿರಿಯ ಕಡೆ ನೋಡಿದರು. ದಸ್ತಗಿರಿ ಈ ಸಲ ನೆಲ ನೋಡಲಿಲ್ಲ, ಕೀಲಿಯನ್ನು ನೋಡಿದ. ಗೇಟಿನ ಕಡೆಯಿಂದ ದನಿ ಬಂತು.

"ನಾ ಹೇಳ್ತೀನ್ರಿ ದೊರಿ. ನಮ್ಮ ಸಾಹೇಬ್ರು ಗಾಡಿ ಇಳಿದು ಕೀಲಿ ಬಂದ್ ಮಾಡಂಗಿಲ್ಲ. ಮಾಡ್ರೀ ಅಂತ ಅದು ಬಡಕೊಳ್ಳಾಕತ್ತೈತಿ."

ಉರುಕುಂದಮ್ಮ ನೆಟ್ಟಗೆ ಸ್ಕೂಟರಿನ ಹತ್ತಿರ ನಡೆದಳು. ಕೀಲಿ ಅವಳ ಕೈಗೆ ಎಟುಕಿತು. ತಿರುವಿದಳು. ಗಂಟೆ ನಿಂತಿತು, ಕೆಂಪು ದೀಪ ಆರಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಇನ್ಸ್‌ಪೆಕ್ಟರರ ಮೀಸೆಯೂ ಅಲುಗಿತು. "ಎವರಯ್ಯಾ ಈವಿಡ?" ಎಂದರು.

ಯಾರಿವಳು ಎಂಬ ಆ ಪ್ರಶ್ನೆಗೆ ಅಯ್ಯನವರ ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು. ಗಿರಣಿಯಿಂದ ಹೊರಹಾಕಿದವಳು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಬಲ್ಬಿನ ಕಥೆ ಬರುತ್ತದೆ. ಮೂವತ್ತು ವರ್ಷ ಗಿರಣಿಯ ಧಣಿಗಳ ಮುಂದೆ ಬೆಳೆಸಿದ ಜಾಣತನ ಆಗ ಕೈಹಿಡಿಯಿತು.

"ಈಕಿ... ಈಕಿ ನಮ್ಮ ಗಿರಣಿಯಾಕೀನ್ರಿ ಸಾಹೇಬ್ರ. ಕೀಲಿ ನೋಡ್ಕೊಳ್ಳಾಕ ನಾನ ಇಟ್ಟೀನಿ. ಇವತ್ತು ಬರೋದು ಸ್ವಲ್ಪ ತಡಾ ಮಾಡ್ಯಾಳ."

"ಮಂಚಿದಿ, ಒಳ್ಳೆಯದು" ಎಂದರು ಸಾಹೇಬರು. "ಹಾಜರಿ ಪುಸ್ತಕದಲ್ಲಿ ಇವಳ ಹೆಸರು ತೋರಿಸಿ."

ಹೆಸರು ಇರಲಿಲ್ಲ. ಆದ್ದರಿಂದ ಅಲ್ಲೇ ಕುರ್ಚಿಯ ಪಕ್ಕದಲ್ಲೇ ಬರೆಯಬೇಕಾಯಿತು. ಅಯ್ಯನವರೇ ಬರೆದರು. ಅವಸರಕ್ಕೆ ಉರುಕುಂದಮ್ಮ ಎಂಬ ಹೆಸರು ಎರಡು ಸಾಲಿಗೆ ಹರಡಿಕೊಂಡಿತು.

ಸಾಹೇಬರ ಜೀಪು ಗೇಟು ದಾಟುತ್ತಲೇ ಅಯ್ಯನವರು ದಸ್ತಗಿರಿಗೆ, "ಆ ದರಿದ್ರ ಗಂಟಿ ಈಗಿಂದೀಗ ಕಿತ್ತು ಒಯ್ಯಿ" ಎಂದರು. ಅವನು ಖುಷಿಯಿಂದಲೇ ಕಿತ್ತ.

ಆಮೇಲೆ ಎರಡು ತಿಂಗಳು ಗಿರಣಿಯಿಂದ ಬ್ಯಾಟರಿ ಬರಲಿಲ್ಲ. ದಸ್ತಗಿರಿಗೆ ಕುತೂಹಲ ತಡೆಯಲಿಲ್ಲ. ಒಂದು ದಿನ ಊಟದ ಹೊತ್ತಿಗೆ ತಾನೇ ಆ ಕಡೆ ಹೋದ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ರೇವಣಸಿದ್ದಯ್ಯನವರು ಸ್ಕೂಟರಿನ ಪಕ್ಕದಲ್ಲಿ ಕೊಡೆಯಿಲ್ಲದೆ ನಿಂತಿದ್ದರು. ಬೇವಿನ ಮರದ ಕೆಳಗೆ ಉರುಕುಂದಮ್ಮ ಕಾಲು ಚಾಚಿ ಕುಳಿತು ಜೋಳದ ರೊಟ್ಟಿ ಮುರಿಯುತ್ತಿದ್ದಳು. ಕೀಲಿ ಅವಳ ಸೊಂಟದ ಎಲೆಅಡಿಕೆ ಚೀಲದಲ್ಲಿತ್ತು.

"ಕೀಲಿ ಕೊಡವ್ವ, ಧಣೇರು ಕಾಯಾಕತ್ಯಾರ" ಎಂದರು ಅಯ್ಯನವರು.

"ಕೈ ಎಂಜಲೈತ್ರಿ ಸಾಹೇಬ್ರ" ಎಂದಳು ಅವಳು. "ಇನ್ನ ಒಂದೂವರಿ ರೊಟ್ಟಿ ಐತಿ. ನೆಳ್ಳಿಗೆ ಬಂದು ನಿಂದ್ರಿ."

ಅಯ್ಯನವರು ಸುತ್ತ ನೋಡಿದರು. ಆಮೇಲೆ ಧೋತರ ಎತ್ತಿ ಹಿಡಿದು ನೆರಳಿಗೆ ಬಂದು ನಿಂತರು.