ಬಕದ ಉಪವಾಸದ ವರದಿ

ನಮ್ಮ ಮೀನು ಸಾಕಣೆ ಕಚೇರಿಯ ಕೊಳದಲ್ಲಿ ಮೀನು ಕಡಿಮೆಯಾಗುತ್ತಿದ್ದವು. ಕದಿಯುತ್ತಿರುವುದು ಕಾವಲುಗಾರನೋ ಹಕ್ಕಿಗಳೋ ಎಂದು ತೀರ್ಮಾನಿಸಲು ಸಾಹೇಬರು ಒಬ್ಬ ತಜ್ಞರನ್ನು ಕರೆಸಿದರು. ಕಾವಲುಗಾರ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ. ನಾನು ಅಲ್ಲೇ ಟೈಪಿಸ್ಟ್. ಹಕ್ಕಿಗಳದೇ ತಪ್ಪೆಂದಾದರೆ ಕೊಳಕ್ಕೆ ಬಲೆ ಹೊದಿಸುತ್ತಾರೆ, ಅಲ್ಲವೆಂದಾದರೆ ಭಾವನ ಕೆಲಸ ಹೋಗುತ್ತದೆ.

ತಜ್ಞರು ಎಲೆ ಉದುರುವ ಕಾಲದಲ್ಲಿ ಬಂದರು. ಚಳಿಗೆ ಮುಂಚೆ ಹಕ್ಕಿಗಳಿಗೆ ಹಸಿವು ಜಾಸ್ತಿ ಎಂದು ಅವರೇ ಒಂದು ಪುಸ್ತಕ ಬರೆದಿದ್ದಾರಂತೆ. ಮಡಚುವ ಕುರ್ಚಿ, ದುರ್ಬೀನು, ಫ್ಲಾಸ್ಕಿನ ಸಮೇತ ಹತ್ತಕ್ಕೆ ದಂಡೆಯಲ್ಲಿ ಕೂತರೆ ಐದಕ್ಕೆ ಏಳುವರು. ನಡುವೆ ಊಟಕ್ಕೊಂದು ಗಂಟೆ, ಉಂಡ ಆಯಾಸಕ್ಕೆ ಇನ್ನೊಂದು. ಅವರು ಬರುವಷ್ಟರಲ್ಲಿ, ನಸುಕಿನಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದ ಬಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿರುತ್ತಿತ್ತು. ಬಕಧ್ಯಾನ ಎಂದರೇನೆಂದು ಎಳೆ ಮಗುವಿಗೂ ಗೊತ್ತು, ಜಾಸ್ತಿ ಓದಿದವರಿಗೆ ಮಾತ್ರ ವಿನಾಯಿತಿ. ಹದಿನಾಲ್ಕು ದಿನವೂ ಅವರು ನಮೂನೆಯಲ್ಲಿ "ಆಹಾರ ಸೇವನೆ: ಇಲ್ಲ" ಎಂದೇ ತುಂಬಿದರು. ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಅವಕ್ಕೂ ಉಪವಾಸವೇ.

"ಬೆಳಕು ಹರಿಯೋ ಹೊತ್ತಿಗೆ ಬಂದು ನೋಡೋಕೆ ಹೇಳಮ್ಮ ಅವರಿಗೆ," ಎಂದರು ಭಾವ.

ಹೇಳುವ ಮುಂಚೆ ನಾನೇ ಹೋಗಿ ನೋಡಿದೆ. ಭಾನುವಾರ ಅರ್ಧ ಗಂಟೆಯಲ್ಲಿ ಬಕ ಹನ್ನೊಂದು ಮೀನು ನುಂಗಿತು. ನೀರುಕಾಗೆಗಳು ಮುಳುಗಿ ಮುಳುಗಿ ಎದ್ದವು, ಮಿಂಚುಳ್ಳಿಯಂತೂ ಹೋಗಿ ಬಂದು ಮಾಡುತ್ತಿತ್ತು. ಭಾವ ಡಬ್ಬ ಬಡಿದು ಒಂದು ದಂಡೆಯಿಂದ ಓಡಿಸಿದರೆ ಇನ್ನೊಂದು ದಂಡೆಗೆ ಇಳಿಯುತ್ತಿದ್ದವು.

ಸೋಮವಾರ ತಜ್ಞರ ಮುಂದೆ ನಿಂತೆ.

"ಸರ್, ಅವು ತಿನ್ನೋದು ನಸುಕಲ್ಲಿ. ನಾನೇ ಕಣ್ಣಾರೆ ನೋಡ್ದೆ."

"ನಮೂನೇಲಿ ಹತ್ತು ಗಂಟೆಗೆ ಮುಂಚೆ ಕಾಲಮ್ಮೇ ಇಲ್ವಲ್ಲ."

"ಒಂದು ದಿನ ಬೇಗ ಬಂದು ನೋಡಿ ಸರ್."

"ಅಷ್ಟೊತ್ತಿಗೆ ಜೀಪು ಕೊಡಲ್ಲ. ಅದಿರಲಿ, ನಸುಕಲ್ಲಿ ನಿಮಗೆ ಕೊಳದ ಹತ್ರ ಏನು ಕೆಲಸ?"

ಒಳಗಿಂದ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಅಕ್ಕನ ಮನೆಯ ಸಂಬಳದ ಜೊತೆ ನನ್ನದೂ ಹೋದೀತೆಂದು ಹೆದರಿದೆ. ಹೆದರಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ ಎಂದುಕೊಂಡಿದ್ದೆ, ಇದೆ.

ವರದಿ ನನ್ನ ಮೇಜಿಗೇ ಬಂತು. ವೀಕ್ಷಣೆಯ ವೇಳೆಯಲ್ಲಿ ಯಾವ ಹಕ್ಕಿಯೂ ಮೀನು ಮುಟ್ಟಿಲ್ಲ, ಕೊಳದ ಬಳಿ ಹಗಲೂ ರಾತ್ರಿ ಇರುವವನು ಕಾವಲುಗಾರನೊಬ್ಬನೇ. ಅದರ ಬೆನ್ನಿಗೇ ವಜಾ ಆದೇಶ. ಎರಡನ್ನೂ ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ.

ಮಧ್ಯಾಹ್ನ ಭಾವ ಸಹಿ ಹಾಕಲು ಬಂದರು. ನಿಂತುಕೊಂಡೇ ಎರಡು ಸಲ ಓದಿದರು.

"ಎಲ್ಲಾದ್ರೂ ಸುಳ್ಳು ಬರ್ದಿದ್ದಾರಾ ಅಂತ ಹುಡುಕ್ದೆ," ಎಂದರು. "ಒಂದೂ ಇಲ್ಲ."

ನಾನು ಸಹಿ ಹಾಕುವ ಜಾಗ ತೋರಿಸಿದೆ.

"ನೀನೇ ಟೈಪ್ ಮಾಡಿದ್ದಾ? ಅಕ್ಷರ ಬಿಡಿಬಿಡಿಯಾಗಿ ಚೆನ್ನಾಗಿ ಬಂದಿದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.