ಅಪ್ಪ ತಿಂದ ಉಪ್ಪು

ಹೊಲಿಗೆಯ ಅಕ್ಕ ತಿಂಗಳಿಗೊಮ್ಮೆ ತಪ್ಪದೆ ಚರ್ಚಿಗೆ, ಫಾದರ್ ಹತ್ತಿರ ಪಾಪನಿವೇದನೆಗೆ ಹೋಗುತ್ತಿದ್ದಳು. ಹೇಳುತ್ತಿದ್ದುದು ಒಂದೇ ಪಾಪ, ಅದೂ ಅವಳದಲ್ಲ. ಅವಳ ಅಪ್ಪ ರೈಲ್ವೆ ಗೇಟು ಕಾಯುವವನು. ಒಂದು ಮಧ್ಯಾಹ್ನ ತೂಕಡಿಸಿದ, ಗೇಟು ಹಾಕಲಿಲ್ಲ; ಒಬ್ಬ ತಾಯಿ, ಅವಳ ಮಗು, ಇಬ್ಬರೂ ರೈಲಿಗೆ ಸಿಕ್ಕಿ ಹೋಗಿಬಿಟ್ಟರು. ಅಪ್ಪ ಸತ್ತೇ ಮೂವತ್ತು ವರ್ಷವಾಯಿತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ಅಪ್ಪ ತಿಂದ ಉಪ್ಪಿಗೆ ಮಗಳು ನೀರು ಕುಡಿಯುತ್ತ ಕೂತಿದ್ದಳು.

ಅವಳ ತರ್ಕ ಸರಳ. ಮೊದಲ ಮನುಷ್ಯ ಆದಾಮ ಯಾವ ಕಾಲದವನೋ ಏನೋ, ಅವನು ತಿಂದ ಹಣ್ಣಿನ ಪಾಪ ಈಗ ಹುಟ್ಟಿದ ಕೂಸಿಗೂ ಅಂಟುತ್ತದೆ ಅಂತ ಚಿಕ್ಕಂದಿನಲ್ಲಿ ಕಲಿಸಿದ್ದರು. ಹಾಗಿದ್ದ ಮೇಲೆ ಎತ್ತಿ ಆಡಿಸಿದ ಅಪ್ಪನದು ಅಂಟದೆ ಇರುತ್ತದೆಯೆ? ಗಡಿಯಾರ ರಿಪೇರಿಯವನು ಬಂದು ಮದುವೆಯ ಮಾತೆತ್ತಿದಾಗ, ಮನಸ್ಸಿನ ತುಂಬ ಅವನೇ ಇದ್ದರೂ, ಒಲ್ಲೆ ಅಂದಳು. ಈ ಪಾಪ ನನ್ನ ಹೊಟ್ಟೆಯ ಕೂಸಿಗೆ ಹೋಗುವುದು ಬೇಡ, ನನಗೇ ಮುಗಿಯಲಿ ಅಂತ. ಆಮೇಲೆ ಬೀದಿಯ ಕೂಸುಗಳಿಗೆಲ್ಲ, ಚರ್ಚಿನಲ್ಲಿ ತಲೆಗೆ ಪವಿತ್ರ ನೀರು ಹಾಕಿಸುವ ದೀಕ್ಷಾಸ್ನಾನದ ಬಿಳಿ ಅಂಗಿ ಹೊಲಿದಳು, ಕೊಟ್ಟಳು, ಬಾಗಿಲು ಹಾಕಿಕೊಂಡಳು. ಎಂಥ ಹಟವಪ್ಪಾ ಅದು!

ಹಳೆಯ ಫಾದರ್‌ಗೆ ಕಿವಿ ಮಂದ. ಏನು ಹೇಳಿದರೂ "ಮೂರು ಜಪ ಮಾಡಮ್ಮ" ಅಂದು ಕಳಿಸುತ್ತಿದ್ದರು. ಈ ತಿಂಗಳು ಬಂದವರು ಹೊಸಬರು, ಕಿವಿ ಚುರುಕು.

"ಅಮ್ಮಾ, ಇದು ನಿಮ್ಮ ಪಾಪ ಅಲ್ವಲ್ಲ. ನಾನು ಹೇಗೆ ಕ್ಷಮಿಸಲಿ?"

"ಆದಾಮನದು ಬರುತ್ತಲ್ಲ ಫಾದರ್?"

"ಅದು ಮನುಷ್ಯಕುಲಕ್ಕೆಲ್ಲ ಆಗಿರೋ ಗಾಯ, ನೀವು ಮಾಡಿದ ತಪ್ಪಲ್ಲ. ಆ ಜನ್ಮಪಾಪಾನೂ ದೀಕ್ಷಾಸ್ನಾನದಲ್ಲೇ ತೊಳೆದುಹೋಯ್ತು. ಅಪ್ಪ ಮಾಡಿದ್ದು ಅಪ್ಪಂದು. ಅದು ಮಕ್ಕಳಿಗೆ ಬರಲ್ಲ."

ಅವಳಿಗೆ ಹಗುರವಾಗಬೇಕಿತ್ತು. ಅವಳು ನಡುವಿನ ಜಾಲರಿಗೆ ಮುಖ ತಂದಳು.

"ಮಕ್ಕಳಿಗೆ ಬರಲ್ವಾ? ಮತ್ತೆ ನಾನು ಇಷ್ಟು ವರ್ಷ ಒಬ್ಬಳೇ ಇದ್ದಿದ್ದು?"

 ಆಗ ಗಡಿಯಾರದವನ ಸಂಗತಿ ಹೇಳಿದಳು. "ಬೇಡ ಅಂದಾಗ ಅವನು ಅತ್ತುಬಿಟ್ಟ ಫಾದರ್. ಯಾಕೆ ಬೇಡ ಅಂತಾನೂ ನಾನು ಹೇಳ್ಲಿಲ್ಲ. ಈ ಪಾಪವಾದ್ರೂ ನನ್ನದೇ ಅಲ್ವಾ?"

"ಇದು ನಿಮ್ಮದೇ," ಅಂದರು ಫಾದರ್, ಮೆಲ್ಲಗೆ. "ಪ್ರಾಯಶ್ಚಿತ್ತಕ್ಕೆ ಜಪ ಬೇಡಮ್ಮ. ಇವತ್ತು ಒಬ್ಬರೇ ಊಟ ಮಾಡ್ಬೇಡಿ. ಯಾರ ಮನೆಗಾದ್ರೂ ಹೋಗಿ, ಜೊತೇಲಿ ಕೂತು ಉಣ್ಣಿ." ಆಮೇಲೆ ಕ್ಷಮೆಯ ಪ್ರಾರ್ಥನೆ ಹೇಳಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಬೀದಿಯುದ್ದಕ್ಕೂ ಬಾಗಿಲುಗಳು. ಯಾವ ಮನೆಯ ಕೂಸಿನ ಎದೆ ಎಷ್ಟು ಅಂಗುಲ ಅಂತ ಅವಳಿಗೆ ಬಾಯಿಪಾಠ. ಯಾವ ಮನೆಯ ಅಡುಗೆಮನೆ ಎಲ್ಲಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಗಡಿಯಾರದವನು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಎರಡು ಮೆಟ್ಟಿಲು ಇಳಿದಳು, ನಿಂತಳು, ಮತ್ತೆ ಹತ್ತಿದಳು. ಒಳಗೆ ಹೋಗಿ ಸರದಿಯ ಕೊನೆಗೆ ನಿಂತಳು. ಅವಳ ಪಾಳಿ ಬಂತು. ಮಂಡಿಯೂರಿದಳು.

"ಫಾದರ್, ನಾನೇ. ಇದು ನನ್ನ ಕೈಲಾಗಲ್ಲ. ಬೇಕಾದ್ರೆ ನೂರು ಜಪ ಕೊಡಿ."