ಕಿವಿಗೆ ಬೀಳದ ಸುದ್ದಿ

ದಸರೆಗೆಂದು ದೇವರನ್ನು ಹೊತ್ತು ಕುಲ್ಲುವಿಗೆ ಇಳಿಯುವ ದಿನ ಬೆಳಿಗ್ಗೆ, ಹಾಸಿಗೆ ಹಿಡಿದಿದ್ದ ಅವ್ವ ಡೋಲು ಬಾರಿಸುವ ಮಗ ನೋಕೂರಾಮನನ್ನು ಹತ್ತಿರ ಕರೆದಳು.

"ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೆ ಸೂತಕ? ನಾನು ಹೋದ್ರೂ ನಿನಗೆ ಯಾರೂ ಹೇಳ್ಬಾರ್ದು ಅಂತ ಊರಿಗೆಲ್ಲ ಹೇಳಿದೀನಿ. ನೀನೂ ಕೇಳೋಕೆ ಹೋಗ್ಬೇಡ. ದೇವರನ್ನ ತಿರುಗಿ ಗುಡಿ ಸೇರ್ಸು. ಆಮೇಲೆ ಅಳು."

"ಬಿಡ್ತು ಅನ್ನು ಅವ್ವ! ಇನ್ನೂ ಹತ್ತು ದಸರೆ ನೋಡ್ತೀಯ."

"ಹತ್ತು ವರ್ಷ ನಿನ್ನ ಹೆಂಡ್ತಿ ಕೈಯಡುಗೆ ತಿನ್ಬೇಕಾ? ಬೇಡಪ್ಪಾ ಆ ಶಿಕ್ಷೆ!" ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಬೇರೆ ಡೋಲಿನವರು ಇರಲಿಲ್ಲವೇ ಎಂದರೆ, ಇರಲಿಲ್ಲ. ಅವರ ಊರು ಧಾರ್ಲಿಯ ನಾಗದೇವರ ಪಲ್ಲಕ್ಕಿ ಏಳುವುದಕ್ಕೆ, ತಿರುಗುವುದಕ್ಕೆ, ನಿಲ್ಲುವುದಕ್ಕೆ ಒಂದೊಂದು ಬಡಿತ. ಅವೆಲ್ಲ ನೋಕೂವಿನ ಮನೆತನದ ಸೊತ್ತು. ತಮ್ಮ ದೌಲತನಿಗೆ ಎಷ್ಟು ಹೇಳಿಕೊಟ್ಟರೂ ಕೈಗೆ ಹತ್ತಲಿಲ್ಲ. ಸೂತಕದವನು ಡೋಲು ಮುಟ್ಟುವಂತಿಲ್ಲ, ಡೋಲಿಲ್ಲದೆ ಪಲ್ಲಕ್ಕಿ ನೆಲ ಬಿಟ್ಟು ಏಳುವಂತಿಲ್ಲ.

ಕುಲ್ಲುವಿನ ಮೈದಾನದಲ್ಲಿ ಮೂರು ದಿನ ಎಲ್ಲ ಸರಿಯಾಗಿತ್ತು. ನಾಲ್ಕನೆಯ ದಿನ ದೇವರ ಕಾರಭಾರಿ ಚುನೀಲಾಲ, ಹುಟ್ಟಾ ಜಿಪುಣ, ನೋಕೂವಿನ ರೊಟ್ಟಿಯ ಮೇಲೆ ಎರಡು ಸೌಟು ತುಪ್ಪ ಸುರಿದ. ಪಲ್ಲಕ್ಕಿ ಹೊರುವವರು ಇವನು ಬಂದೊಡನೆ ಮಾತು ನಿಲ್ಲಿಸಿ, ಈ ಸಲ ಚಳಿ ಜಾಸ್ತಿ ಎಂದರು. ನೋಕೂ ತಲೆ ತಗ್ಗಿಸಿ ಆ ರೊಟ್ಟಿ ತಿಂದ. ಏಕೆಂದು ಕೇಳಲಿಲ್ಲ. ಊರ ಕಡೆಯವರು ಯಾರೇ ಬರಲಿ, ಡೋಲಿನ ಹಗ್ಗ ಬಿಗಿಯುವ ನೆಪ ಹೇಳಿ ಎದ್ದುಹೋದ.

ದಸರೆ ಮುಗಿಸಿ, ಎರಡು ದಿನ ಬೆಟ್ಟ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಧಾರ್ಲಿ ಮುಟ್ಟಿದರು. ಊರ ಮುಂದೆ ದಾರಿ ಎರಡಾಗುತ್ತದೆ. ಪ್ರತಿವರ್ಷ ಪಲ್ಲಕ್ಕಿ ಕೆಳದಾರಿ ಹಿಡಿದು ನೋಕೂವಿನ ಮನೆ ಮುಂದೆ ಒಂದು ಗಳಿಗೆ ನಿಲ್ಲುತ್ತಿತ್ತು, ಅವ್ವ ಹೊಸ್ತಿಲಲ್ಲಿ ಧೂಪ ಹಿಡಿದು ಕಾದಿರುತ್ತಿದ್ದಳು. ಸೂತಕದ ಮನೆಯ ಮುಂದೆ ಮಾತ್ರ ಅದು ಹಾಯುವುದಿಲ್ಲ.

"ಈ ಸಲ ಮೇಲ್ದಾರೀಲಿ ಹೋಗೋಣ ನೋಕೂ," ಕಾರಭಾರಿ ಮುಖ ತಿರುಗಿಸಿಕೊಂಡು ಹೇಳಿದ. "ಕೆಳಗೆ... ಕೆಸರು."

ಹದಿನೈದು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ.

ತಿರುಗಿಸುವ ಬಡಿತ ಬಾರಿಸಬೇಕಾದವನು ನೋಕೂವೇ. ಕೆಳಗೆ ಅವನ ಮನೆ ಕಾಣುತ್ತಿತ್ತು. ಹೊಸ್ತಿಲು ಖಾಲಿ. ಕೈ ಮೇಲೇಳಲೇ ಇಲ್ಲ. ಅರವತ್ತು ವರ್ಷ ಧೂಪ ಹಾಕಿದವಳ ಬಾಗಿಲಿಗೆ ಇವತ್ತೊಂದು ದಿನ ಬರಲಾಗದೇ ನಿನಗೆ ಎಂದು ದೇವರ ಮೇಲೆ ಕೆಟ್ಟ ಸಿಟ್ಟು ಬಂತು. ಪಾಪ, ಹೊರುವವರು ಭಾರ ಹೊತ್ತು ಕಾಯುತ್ತಿದ್ದರು. ನೋಕೂ ಬಾರಿಸಿದ, ಪಲ್ಲಕ್ಕಿ ಮೇಲ್ದಾರಿಗೆ ಹೊರಳಿತು.

ದೇವರು ಗುಡಿ ಸೇರಿತು, ಬಾಗಿಲು ಮುಚ್ಚಿತು. ಅಂಗಳದ ಗೋಡೆಯಾಚೆ ದೌಲತ ದೂರದಲ್ಲೇ ನಿಂತಿದ್ದ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ.

"ಆಯ್ತಲ್ಲ ನೋಕೂ, ಇಳ್ಸಪ್ಪಾ ಡೋಲು," ಎಂದ ಕಾರಭಾರಿ.

ನೋಕೂ ಇಳಿಸಲಿಲ್ಲ. ಡೋಲು ಹೆಗಲ ಮೇಲಿರುವವರೆಗೆ ಯಾರೂ ಹೇಳುವಂತಿಲ್ಲ. ಯಾರಾದರೂ ಹೇಳುವವರೆಗೆ ಅವ್ವ ಇದ್ದಾಳೆ. ಇಷ್ಟು ದಿನ ದೇವರಿಗೋಸ್ಕರ ಕೇಳದೆ ಇದ್ದ, ಈಗ ತನಗೋಸ್ಕರ. ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ, ಕೆಳಗಿನ ಮನೆಯ ಕಡೆ ಮುಖಮಾಡಿ ಮತ್ತೆ ಬಾರಿಸತೊಡಗಿದ. ಅದು ಪಲ್ಲಕ್ಕಿ ನಿಲ್ಲಿಸುವ ಬಡಿತ, ಪ್ರತಿವರ್ಷ ಅವ್ವನ ಹೊಸ್ತಿಲ ಮುಂದೆ ಬಾರಿಸುತ್ತಿದ್ದದ್ದು. ಯಾರೂ ತಡೆಯಲಿಲ್ಲ.

ಬಡಿತ ಪೂರ್ತಿ ಮುಗಿಸಿ, ಡೋಲನ್ನು ಮೆಟ್ಟಿಲ ಮೇಲಿಟ್ಟು, ಗೋಡೆಯ ಹತ್ತಿರ ಹೋದ.

"ಹೇಳೋ ತಮ್ಮಾ," ಎಂದ. "ಈಗ ಹೇಳು."

ದೌಲತ ಟೋಪಿ ತೆಗೆದ. ತಲೆ ಬೋಳಾಗಿತ್ತು.

"ಅಣ್ಣಾ, ಅವ್ವ ಹೋಗ್ಬಿಟ್ಲು."

ನೋಕೂ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಗೊಳೋ ಎಂದು ಅತ್ತ.